ಬಿಳಿ ಹಾಸಿನ ಅಂಚಿಗೆ ಕೆಂಪೆಳೆ

ಗೌರಿಬಿದನೂರಿನಿಂದ ವಿದುರಾಶ್ವತ್ಥದ ಕಡೆಗೆ ಹೋಗುವ ರಸ್ತೆಯಲ್ಲಿ ಗಂಗುಲಪ್ಪನ ಮಗ್ಗದ ಶೆಡ್ಡು ಇದೆ. ಅಲ್ಲಿಗೆ ಹೋಗಿ ಯಶೋಧರಾ ಯಾರು ಎಂದು ಕೇಳಿದರೆ ಅರ್ಧ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಡಿಸೈನಮ್ಮ ಎಲ್ಲಿ ಎಂದು ಕೇಳಬೇಕು. ಆಗ ಮಗ್ಗಗಳ ಖಟಖಟದ ನಡುವೆ ಯಾರಾದರೂ ಗದ್ದ ಎತ್ತಿ ಮೂಲೆಯ ತಗಡಿನ ಕೋಣೆ ತೋರಿಸುತ್ತಾರೆ. ಅವಳಿಗೆ ಅಪ್ಪ ಇಟ್ಟ ಚೆಂದದ ಹೆಸರಿದೆ. ಆ ಹೆಸರಿಟ್ಟು ಕರೆಯಲು ಈ ಜನಕ್ಕೆ ನಾಲಿಗೆ ಏಳುವುದಿಲ್ಲ, ಅಷ್ಟೇ.

ಆ ತಗಡಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಗರಗರ ಅನ್ನುವ ಫ್ಯಾನು, ಗೋಡೆ ತುಂಬ ಮೊಳೆ ಹೊಡೆದು ನೇತುಹಾಕಿದ ಬಣ್ಣ ಬಣ್ಣದ ರೇಷ್ಮೆ ನೂಲಿನ ತುಂಡುಗಳು. ಯಶೋಧರಾ ಈಗಲೂ ಮೊದಲು ಪೆನ್ಸಿಲ್ಲಿನಲ್ಲಿ ಚೌಕದ ಹಾಳೆಯ ಮೇಲೆ ಬರೆಯುತ್ತಾಳೆ. ಹಾಳೆಯ ಒಂದು ಚೌಕ ಅಂದರೆ ಸೀರೆಯಲ್ಲಿ ಒಂದು ಎಳೆ. ಚೌಕದಲ್ಲಿ ಹಂಸದ ಕುತ್ತಿಗೆ ಬಗ್ಗಿಸುವುದು ಹುಡುಗಾಟವಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಗೆರೆ ದೂರದಿಂದ ನೋಡುವ ಕಣ್ಣಿಗೆ ದುಂಡಗೆ ಕಾಣಬೇಕು. ಅದು ಒಪ್ಪಿಗೆಯಾದ ಮೇಲೆ ಕಂಪ್ಯೂಟರಿಗೆ ಹಾಕುತ್ತಾಳೆ, ಅಲ್ಲಿಂದ ಮಗ್ಗಕ್ಕೆ ಹೋಗುತ್ತದೆ. ಬಾಬಿನ್ನಿಗೆ ನೂಲು ಸುತ್ತುವ ಕೂಲಿಗೆಂದು ಆ ಶೆಡ್ಡಿಗೆ ಸೇರಿದವಳು, ಹಳೇ ಡಿಸೈನಿನವನು ಕುಡಿದು ಬಾರದ ದಿನಗಳಲ್ಲಿ ಅವನ ಹಾಳೆ ತುಂಬುತ್ತಾ ತುಂಬುತ್ತಾ ಅವನ ಕುರ್ಚಿಗೇ ಬಂದು ಕೂತಳು. ಯಾರೂ ಕರೆದು ಕೂರಿಸಲಿಲ್ಲ. ತಾನೇ ಕೂತಳು. ಎಬ್ಬಿಸಲು ಬಂದವರನ್ನು ಅವಳು ನೋಡಿದ ನೋಟಕ್ಕೆ ಅವರೇ ಹಿಂದೆ ಹೋದರು.

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಅವಳ ಒಂದಾದರೂ ಅಂಚು ಓಡಾಡುತ್ತಿರುತ್ತದೆ. ಊಟದ ಎಲೆಯ ಮುಂದೆ ಕೂತು ಪಕ್ಕದಲ್ಲಿದ್ದ ಗಂಡ ಭಾನುಪ್ರಕಾಶನಿಗೆ ಮೊಣಕೈಯಲ್ಲಿ ತಿವಿಯುತ್ತಾಳೆ. "ನೋಡ್ರಿ, ಮದುಮಗಳ ಸೆರಗಿನ ಗಿಳಿ. ಆ ಕೊಕ್ಕು ನಂದು." ಅವನು ಪಾಯಸದಿಂದ ತಲೆ ಎತ್ತದೆ, "ಗಿಳಿ ನಿಂದು, ಸೀರೆ ಅವರದು, ಊಟ ನಮ್ದು. ಉಣ್ಣು" ಅನ್ನುತ್ತಾನೆ.

ಅವಳ ಮದುವೆಗೆ ಮಾತ್ರ ಗಂಡಿನ ಕಡೆಯವರು ತಂದ ಕೆಂಪು ಸೀರೆ ಉಡಿಸಿದ್ದರು. ಅವಳ ಅಪ್ಪ ಬುದ್ಧನ ದಾರಿ ಹಿಡಿದು, ಹೆಣ್ಣುಮಕ್ಕಳಿಗೆ ಯಶೋಧರಾ, ಸಂಘಮಿತ್ರ ಎಂದು ಹೆಸರಿಟ್ಟ ಮನುಷ್ಯ. ಮಗಳು ಆ ದಾರಿಯ ರೂಢಿಯಂತೆ ಬಿಳಿ ಉಟ್ಟು ನಿಲ್ಲಲಿ ಎಂಬುದು ಅವನ ಆಸೆ. ಬೀಗರು ಒಪ್ಪಲಿಲ್ಲ, ಅಪ್ಪ ತಲೆ ತಗ್ಗಿಸಿದ. ತಾಳಿಯ ಹೊತ್ತಿನಲ್ಲೂ ಯಶೋಧರಾ ಆ ಕೆಂಪು ಸೀರೆಯ ಅಂಚನ್ನೇ ನೋಡುತ್ತಿದ್ದಳು. ಅದರಲ್ಲಿ ಒಂದು ಮಾವಿನಕಾಯಿ ಸೊಟ್ಟಗಿತ್ತು. ಅಪ್ಪ ತಲೆ ತಗ್ಗಿಸಿದ್ದನ್ನೂ ಆ ಸೊಟ್ಟ ಮಾವಿನಕಾಯಿಯನ್ನೂ ಅವಳು ಮರೆತಿಲ್ಲ. ಅಪ್ಪ ಈಗಿಲ್ಲ.

ಹೋದ ಬೇಸಿಗೆಯಲ್ಲಿ ತಂಗಿಗೆ ಮದುವೆ ಗೊತ್ತಾಯಿತು. ಸಂಘಮಿತ್ರ ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುವವಳು. ಹುಡುಗ ಅಂಬರೀಶ ಕೆಂಚಾರ್ಲಹಳ್ಳಿಯವನು, ಮನೆಯವರೂ ಬುದ್ಧನ ದಾರಿಯವರೇ. ಮದುವೆ ಬುದ್ಧವಂದನೆ ಹೇಳಿ, ಬಿಳಿ ಉಟ್ಟು ಎಂದು ಎರಡೂ ಕಡೆ ಒಪ್ಪಿದ್ದರು. ಸೀರೆ ಹುಡುಕಲು ಹೋದ ತಂಗಿ ಸಿಡಿಮಿಡಿಗೊಂಡು ಬಂದಳು.

"ಬಿಳಿ ರೇಷ್ಮೆ ಕೇಳಿದ್ರೆ ಅಂಗಡಿಯವ್ನು ಯಾರಮ್ಮ ತೀರ್ಕೊಂಡ್ರು ಅಂತಾನೆ ಅಕ್ಕ. ಮದುವೆಗೆ ಅಂದ್ರೆ ನಗ್ತಾನೆ. ಇನ್ನೊಬ್ಬ ಕೇರಳದ ಸೀರೆ ತೆಗೆದು ಹಾಕ್ದ. ಸಾಕು, ಯಾವ್ದೋ ಒಂದು ಕ್ರೀಮ್ ಕಲರ್ ತಗೊಂಡ್ಬಿಡ್ತೀನಿ."

"ಅಂಗಡಿಗೆ ಯಾಕೇ ಹೋದೆ? ನಾನು ಸತ್ತಿದ್ದೀನಾ?" ಅಂದಳು ಯಶೋಧರಾ.

ಊರಿನ ಮದುವೆಗೆಲ್ಲ ಗಿಳಿ, ಹಂಸ ಬರೆದುಕೊಟ್ಟವಳು ತನ್ನ ಮನೆಯ ಮದುವೆಗೆ ಒಂದು ಸೀರೆ ಬರೆದಿಲ್ಲ. ಅಪ್ಪ ಕೇಳಿ ಸಿಕ್ಕದೆ ಹೋದದ್ದು ಈ ಸಲ ಸಿಗಲೇಬೇಕು. ಕ್ರೀಮೂ ಅಲ್ಲ, ಚಂದನವೂ ಅಲ್ಲ. ಬಿಳಿ ಅಂದರೆ ಬಿಳಿ.

ಮಾರನೆಯ ದಿನ ವಿದುರಾಶ್ವತ್ಥದಲ್ಲಿ ಬಸ್ಸು ಇಳಿದು, ನಾಗರಕಲ್ಲುಗಳ ಹತ್ತಿರ ಬಿದ್ದಿದ್ದ ಅರಳಿ ಎಲೆಗಳನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅರಳಿ ಎಲೆಗೆ ಉದ್ದ ಬಾಲ. ಚೌಕದ ಹಾಳೆಯಲ್ಲಿ ಆ ಬಾಲ ಬರೆದರೆ ಇಲಿಯ ಬಾಲದಂತೆ ಕಾಣುತ್ತಿತ್ತು. ಗಿಡ್ಡ ಮಾಡಿದರೆ ವೀಳ್ಯದೆಲೆ ಆಗುತ್ತಿತ್ತು. ಹಾಳೆ ಹರಿದಳು, ಬರೆದಳು, ಹರಿದಳು. ಕಡೆಗೆ ಬಾಲವನ್ನು ಗಾಳಿಗೆ ಒಂಚೂರು ಬಲಕ್ಕೆ ವಾಲಿಸಿದಳು. ಎಲೆ ಎದ್ದು ಕೂತಿತು.

ಎಲೆಗೆ ಜರಿ ಬೇಡ, ಬಣ್ಣವೂ ಬೇಡ ಅಂದುಕೊಂಡಳು. ಬಿಳಿಯ ಮೇಲೆ ಬಿಳಿ. ಸೀರೆಯ ಒಡಲಿನ ನೇಯ್ಗೆ ಒಂದು ಥರ, ಎಲೆಯ ನೇಯ್ಗೆ ಇನ್ನೊಂದು ಥರ. ಬೆಳಕು ಬಿದ್ದಾಗ ಎಲೆ ಹೊಳೆಯಬೇಕು, ಉಟ್ಟವಳು ತಿರುಗಿದರೆ ಮಾಯವಾಗಬೇಕು. ಅಂಚು ಮಾತ್ರ ನೀಲಿ.

ನೀಲಿಯ ಬಣ್ಣ ಕೂಡಿಸಲು ಶಿಡ್ಲಘಟ್ಟಕ್ಕೆ ಲಾಲ್ ಬಾಷಾನ ಹತ್ತಿರ ಹೋದಳು. ರೇಷ್ಮೆಗೆ ಬಣ್ಣ ಹಾಕುವುದು ಅವನ ಕಸುಬು. ಮೊಣಕೈವರೆಗೆ ಯಾವಾಗಲೂ ಯಾವುದೋ ಬಣ್ಣ. ಆ ದಿನ ಗುಲಾಬಿ. ಅವನು ಅದ್ದಿ ತೋರಿಸಿದ ನೀಲಿಗಳನ್ನೆಲ್ಲ ಇವಳು ತಳ್ಳಿಹಾಕಿದಳು.

"ಇದು ಸ್ಕೂಲ್ ಯೂನಿಫಾರಂ ಬಾಷಾಣ್ಣ. ಇದು ಸೀಮೆಎಣ್ಣೆ. ಇದು ಪೊಲೀಸ್ ಜೀಪು."

"ಅಕ್ಕಾ, ನೀಲೀಲಿ ಇನ್ನೇನು ಉಳೀತು? ನೀವೇ ಹೇಳಿ, ಎಲ್ಲಿ ಐತೆ ನಿಮ್ ನೀಲಿ?"

ಅವಳು ಚೀಲದಿಂದ ಅಪ್ಪನ ಶಾಲು ತೆಗೆದಳು. ಸಭೆಗಳಿಗೆ ಹೊದ್ದು ಹೋಗುತ್ತಿದ್ದ ಶಾಲು, ಬಿಸಿಲಿಗೆ ಮಾಸಿ ಬೂದಿ ಬಣ್ಣವಾಗಿತ್ತು. ಮಡಿಕೆ ಬಿಡಿಸಿದಳು. ಮಡಿಕೆಯ ಒಳಗೆ, ಬಿಸಿಲು ಕಾಣದ ಕಡೆ, ಮೊದಲಿನ ನೀಲಿ ಹಾಗೇ ಇತ್ತು. ಲಾಲ್ ಬಾಷಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇದಾ" ಅಂದ. ಸಾಯಂಕಾಲದೊಳಗೆ ಆ ನೀಲಿ ತಂದುಕೊಟ್ಟ. ಅದಕ್ಕೆ ಯೂನಿಫಾರಂ, ಜೀಪು ಎಂದು ಹೆಸರಿಡುವಂತಿರಲಿಲ್ಲ.

ತೊಂದರೆ ಬಂದದ್ದು ಬಿಳಿಯಲ್ಲಿ. ವಾರದ ಮೇಲೆ ಅವನು ಕಳಿಸಿದ ಬಿಳಿ ನೂಲಿನ ಲಡಿಗಳನ್ನು ಬಿಚ್ಚಿದರೆ ಬೆಣ್ಣೆಯ ಬಣ್ಣ. ಫೋನು ಮಾಡಿದಳು.

"ಹಳದಿ ರೇಷ್ಮೆಗೂಡಿನ ನೂಲು ಕಳ್ಸಿದ್ದೀಯಾ ಅಣ್ಣ?"

"ಇಲ್ಲಕ್ಕಾ, ಬಿಳಿ ಗೂಡಿಂದೇ. ಮದುವೇದು ಅಂದ್ರಲ್ಲ. ನಿಮ್ಮಲ್ಲಿ ಅರಿಶಿನ ಶುಭ ಅಲ್ವಾ, ಅದಕ್ಕೇ ನಾನೇ ಒಂಚೂರು ಹಳದಿ ತೋರಿಸಿದೆ. ನಿಮ್ ತಂಗಿ ನನ್ ತಂಗಿ ಅಲ್ವಾ?"

ಸಾಬರ ಮನುಷ್ಯ, ಹಿಂದೂ ಮದುವೆಯ ಅರಿಶಿನ, ಬುದ್ಧನ ಮದುವೆಯ ಸೀರೆ. ಯಾರನ್ನು ಎಲ್ಲಿಂದ ಬೈಯುವುದು? "ಆ ಶುಭವನ್ನ ಬಿಸಿನೀರಿಗೆ ಹಾಕಿ ತೆಗೆದು ಕಳಿಸು" ಅಂದಳು. ಅವನು ಕುದಿಸಿ, ತೊಳೆದು, ಮತ್ತೆ ಕಳಿಸಿದ. ಈಗ ಅದು ಬಿಳಿ.

ಗಂಗುಲಪ್ಪನನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಅವನು ಕೆಟ್ಟವನಲ್ಲ. ಆದರೆ ತನ್ನ ಮಗ್ಗ ಎಂದರೆ ತನ್ನ ದೇವರ ಕೋಣೆ ಎಂದು ತಿಳಿದವನು.

"ಒಂದು ಸೀರೆಗೆ ಹಾಸು ಹಾಕಕ್ಕಾಗಲ್ಲಮ್ಮ. ಉಳಿದ ಬಿಳೀನ ನಾನೇನು ತಲೆಗೆ ಸುತ್ಕೊಳ್ಳಾ?"

ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಏರಿಸುವ ನೂಲು, ಹೊಕ್ಕು ಅಂದರೆ ಅಡ್ಡ ಓಡುವುದು. "ತಂಗೀದಾದ ಮೇಲೆ ಬಣ್ಣದ ಹೊಕ್ಕು ಹೊಡ್ಕೊಳ್ಳಿ ಅಣ್ಣ. ಬಿಳಿ ಹಾಸಿನ ಮೇಲೆ ಎಲ್ಲಾ ಬಣ್ಣನೂ ತಿಳಿಯಾಗಿ ಬರತ್ತೆ, ನಾನೇ ಕೂಡಿಸ್ಕೊಡ್ತೀನಿ."

"ಅರಳಿ ಎಲೆ ಅಂದ್ರೆ ನಮ್ದೂ ಐತಲ್ಲ, ದೇವರ ಮರ. ಅದಕ್ಕೊಂದು ಜರಿ ಹಾಕು, ಕೆಂಪು ಅಂಚು ಮಾಡು, ಲಕ್ಷಣವಾಗಿರತ್ತೆ."

"ಎಲೆ ನಿಮ್ದೂ ಹೌದು, ಇಟ್ಕೊಳ್ಳಿ. ಬಿಳಿ ನಂದು."

"ಸರ್ಲೇ" ಅಂದ ಗಂಗುಲಪ್ಪ ತೆಲುಗಿನಲ್ಲಿ. ಅವನು ತೆಲುಗಿಗೆ ಇಳಿದರೆ ಸೋತ ಎಂದು ಅರ್ಥ. ಇಷ್ಟು ವರ್ಷದಲ್ಲಿ ಇವಳು ತನಗೆಂದು ಏನನ್ನೂ ಕೇಳಿರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಹೊಸ ಹಾಸನ್ನು ಮಗ್ಗಕ್ಕೆ ಏರಿಸುವಾಗ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸದರ ಒಂದೊಂದು ಎಳೆಯನ್ನು ಸೇರಿಸಿ ಹೊಸೆಯಬೇಕು. ಸಾವಿರಾರು ಎಳೆ. ಆ ಕೆಲಸ ಆಂಜಿನಮ್ಮನದು. ಮಗ್ಗದ ಹಿಂದೆ ಕಾಲು ಮಡಿಚಿ ಕೂತು, ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆಯುತ್ತಾ ಹೋಗುತ್ತಾಳೆ. ಕಣ್ಣು ಮಂಜಾಗಿದೆ, ಬೆರಳಿಗೆ ಕಣ್ಣಿದೆ. ಯಶೋಧರಾ ಬಾಬಿನ್ ಸುತ್ತುವ ಹುಡುಗಿಯಾಗಿದ್ದಾಗ ತನ್ನ ಬುತ್ತಿಯ ಮುದ್ದೆ ಮುರಿದು ಕೊಟ್ಟವಳು ಅವಳೊಬ್ಬಳೇ. ಹಾಗಾಗಿ ಹಾಸು ಅವಳ ಕೈಗೆ ಬಂದ ಮೇಲೆ ಯಶೋಧರಾ ನಿಶ್ಚಿಂತಳಾದಳು, ಮದುವೆಯ ಓಡಾಟಕ್ಕೆ ರಜ ಹಾಕಿದಳು.

ತಿರುಗಿ ಬಂದ ದಿನ ಮಗ್ಗ ಓಡುತ್ತಿತ್ತು. ವೆಂಕಟರವಣಪ್ಪ ಎಂಬ ನೇಕಾರ ನಿಂತಿದ್ದ. ಬಿಳಿಯ ಮೇಲೆ ಬಿಳಿ ಎಲೆ ಸಾಲಾಗಿ ಬರುತ್ತಿತ್ತು, ಬಾಲ ಬಲಕ್ಕೆ ವಾಲಿಸಿಕೊಂಡು. ಯಶೋಧರಾ ಒಂದು ಎಲೆಯ ಬಾಲವನ್ನು ಬೆರಳಿನಿಂದ ಸವರಿದಳು. ಬಗ್ಗಿ ಅಂಚು ನೋಡಿದಳು. ಅಪ್ಪನ ನೀಲಿ. ನೀಲಿಯಾಚೆ, ತುಟ್ಟತುದಿಯಲ್ಲಿ, ಕೂದಲಿನಷ್ಟು ಸಣ್ಣಗೆ, ಕೆಂಪು.

ಅವಳು ಸ್ವಿಚ್ಚು ಆರಿಸಿದಳು. ಆ ಮಗ್ಗ ನಿಂತಿತು. ಪಕ್ಕದವರು ನೋಡಿ ತಮ್ಮದನ್ನೂ ನಿಲ್ಲಿಸಿದರು.

"ಯಾರು ಹಾಕಿದ್ದು ಇದನ್ನ?"

ಗಂಗುಲಪ್ಪ ಲುಂಗಿ ಎತ್ತಿ ಕಟ್ಟಿಕೊಳ್ಳುತ್ತಾ ಬಂದ. "ಹಾಕಿದ್ರೆ ಈಗೇನಾಯ್ತಮ್ಮ? ಎರಡೆಳೆ. ಭೂತಗನ್ನಡಿ ಹಾಕ್ಕೊಂಡು ನೋಡ್ಬೇಕು."

"ನಾನು ಬರಿಗಣ್ಣಲ್ಲಿ ನೋಡ್ದೆ. ಯಾರು ಅಂತ ಕೇಳ್ದೆ."

"ಯಾರಾದ್ರೇನು? ಒಳ್ಳೇದಕ್ಕೇ ಹಾಕವ್ರೆ. ಬರೀ ಬಿಳಿ ಹಾಸು ನನ್ ಮಗ್ಗ ಏರಿದ್ದೇ ಹೆಚ್ಚು. ಮಗ್ಗ ನಂದು ಯಶೋದಮ್ಮ, ನನ್ ಮಗ್ಗಕ್ಕೆ ಒಂದು ಪದ್ಧತಿ ಐತೆ."

"ಯಶೋದಮ್ಮ ಅಲ್ಲ. ಯಶೋಧರಾ. ಮಗ್ಗ ನಿಮ್ದು, ನಿಜ. ಅದರ ಮೇಲೆ ಓಡೋ ಗಿಳಿ, ಹಂಸ, ಬಳ್ಳಿ ಎಲ್ಲಾ ಯಾವ ತಲೆಯಿಂದ ಬಂತು? ನಾನು ಯಾವತ್ತಾದ್ರೂ ನಿಮ್ ಸೀರೆಗೆ ನನ್ ಬುದ್ಧನ್ನ ಹೇಳ್ದೆ ಕೇಳ್ದೆ ಕೂರಿಸಿದ್ದೀನಾ? ಕೂರಿಸ್ಬಹುದಿತ್ತು. ಸೆರಗಿನ ಮೂಲೇಲಿ ಒಂದು ಎಲೆ ಇಟ್ಟಿದ್ರೆ ನಿಮಗೆ ಗೊತ್ತೇ ಆಗ್ತಿರ್ಲಿಲ್ಲ. ನಾನು ಮಾಡ್ಲಿಲ್ಲ. ನನ್ ಸೀರೆಗೆ ಮಾತ್ರ ನಿಮ್ ಕೆಂಪು ನುಗ್ಗಿಸ್ತೀರಾ?"

ಅಷ್ಟು ಜನರ ಮುಂದೆ ಅವನ ಮುಖ ಕೆಂಪಾಯಿತು. "ಅಷ್ಟು ಕೊಬ್ಬಿದ್ರೆ ಬೇರೆ ಮಗ್ಗ ನೋಡ್ಕೊ ಹೋಗು."

"ಹೋಗ್ತೀನಿ. ನಾನೊಬ್ಳೇ ಹೋಗಲ್ಲ, ನನ್ ಕೈಯೂ ನನ್ ಜೊತೆ ಬರುತ್ತೆ. ಈ ಸೀರೆ ಇಳಿಸ್ಕೊಂಡು ಹೋಗ್ತೀನಿ."

ಆಗ ಮಗ್ಗದ ಹಿಂದಿನಿಂದ ಆಂಜಿನಮ್ಮ ಕೈಯೂರಿ ಎದ್ದು ಬಂದಳು.

"ಅವನನ್ನ ಯಾಕೆ ಬೈತೀಯ? ಹಾಕಿದ್ದು ನಾನು ಕಣಮ್ಮ."

ಯಶೋಧರಾ ತಿರುಗಿದಳು.

"ಹಾಸು ಹೊಸೀತಾ ಹೊಸೀತಾ ಬಿಳಿ, ಬಿಳಿ, ಬಿಳಿ. ನನ್ ಕೈಲಿ ಆಗ್ಲಿಲ್ಲ. ನನ್ ಗಂಡ ಸತ್ತಾಗ ನಂಗೆ ಬಿಳಿ ಸುತ್ತಿ ಮೂಲೇಲಿ ಕೂರಿಸಿದ್ರಲ್ಲ, ಆಗ ನಂಗೆ ಸೀರೆ ಉಡೋಕೂ ನೆಟ್ಟಗೆ ಬರ್ತಿರ್ಲಿಲ್ಲ. ನಮ್ ಅಜ್ಜಿ ಉಡಿಸಿದ್ಳು. ಆ ಮಗೂಗೆ ನನ್ ಕೈಯಾರೆ ಅದನ್ನೇ ಮಾಡ್ತಾ ಇದ್ದೀನಲ್ಲ ಅನ್ನಿಸ್ತು. ಹಳೇ ಬಾಬಿನ್ನಿಂದ ಎರಡೆಳೆ ಕೆಂಪು ಸೇರಿಸ್ಬಿಟ್ಟೆ. ಅವಳು ಚೆನ್ನಾಗಿರ್ಲಿ ಅಂತ."

ಬೇರೆ ಯಾರಾದರೂ ಆಗಿದ್ದರೆ ಸರಿ ಬಿಡು ಅಂದುಬಿಡುತ್ತಿದ್ದರು. ಎರಡೆಳೆ ತಾನೇ, ಮುದುಕಿಯ ಮನಸ್ಸು ತಾನೇ. ಹೀಗೆ ಅಂದುಕೊಂಡೇ ಅಪ್ಪ ಅವತ್ತು ತಲೆ ತಗ್ಗಿಸಿದ್ದು. ಕೆಟ್ಟವರು ಬಂದು ಕೇಳಿದರೆ ಇಲ್ಲ ಅನ್ನಬಹುದು. ಪ್ರೀತಿಯಿಂದ ಬಂದು ಅಂಚು ಹಿಡಿದವರಿಗೆ ಇಲ್ಲ ಅನ್ನಲು ಎದೆ ಬೇಕು.

"ಆಂಜಿನಮ್ಮ, ನಿಂಗೆ ಬಿಳಿ ಸುತ್ತಿದೋರು ಮಾಡಿದ್ದು ತಪ್ಪು. ಬಿಳಿ ಏನ್ ಮಾಡ್ತು? ಅದನ್ನ ಹೆಣ್ಣಿನ ಮೇಲೆ ಹೊದ್ದಿಸಿ ಮೂಲೆ ತೋರಿಸಿದೋರು ಆರಾಮಾಗಿದ್ದಾರೆ, ನೂಲಿಗೆ ಬಂತು ಕೆಟ್ಟ ಹೆಸರು. ನನ್ ತಂಗಿ ಅದನ್ನೇ ಉಟ್ಕೊಂಡು ನಡುಮನೇಲಿ ನಿಂತ್ಕೋತಾಳೆ. ಮೂಲೇಲಿ ಅಲ್ಲ. ಈ ಕೆಂಪು ಇದ್ರೆ ಅವಳು ಹೆದರಿ ಉಟ್ಟಂಗೆ ಆಗುತ್ತೆ. ನಾನು ತೆಗೀತೀನಿ. ನಿನ್ ಮೇಲೆ ಕೋಪ ಇಲ್ಲ, ಆದ್ರೆ ತೆಗೀತೀನಿ."

ಸೊಂಟದ ಚೀಲದಿಂದ ನೂಲು ಕತ್ತರಿಸುವ ಸಣ್ಣ ಕತ್ತರಿ ತೆಗೆದು, ಬಗ್ಗಿ, ಆ ಎರಡು ಕೆಂಪೆಳೆಯನ್ನು ಕತ್ತರಿಸಿದಳು. ಮುಂದೆ ನೇಯುವುದಕ್ಕೆ ತೊಂದರೆಯಿಲ್ಲ, ಅಂಚನ್ನು ನೀಲಿಯೇ ಹಿಡಿಯುತ್ತದೆ. ಆದರೆ ಆಗಲೇ ನೇಯ್ದಿದ್ದ ಎರಡು ಮೊಳದಲ್ಲಿ ಕೆಂಪು ಕೂತುಬಿಟ್ಟಿತ್ತು. ಸೂಜಿ ಹಾಕಿ ಒಂದೊಂದೇ ಹೆಜ್ಜೆ ಬಿಡಿಸಿ ಎಳೆಯಬೇಕು. ಅವಳು ಆತುರಾತುರವಾಗಿ ಎಳೆಯಹೋದಳು. ಸೂಜಿ ಬಟ್ಟೆಗೆ ಚುಚ್ಚಿತು.

"ಕೊಡಿಲ್ಲಿ" ಅಂದಳು ಆಂಜಿನಮ್ಮ. "ಹಾಕೋದು ಗೊತ್ತಿದ್ದೋರಿಗೆ ತೆಗೆಯೋದೂ ಗೊತ್ತು. ನೀನು ಹಾಳೆ ಮೇಲೆ ಗೀಚೋಳು, ಹರಿದು ಹಾಕ್ತೀಯ."

ಮುದುಕಿ ಮೂಗಿನ ತುದಿಗೆ ಬಟ್ಟೆ ತಂದುಕೊಂಡು ಬಿಡಿಸುತ್ತಾ ಹೋದಳು. ಕೆಂಪು ಹೊರಬಂದ ಕಡೆ ಅಂಚಿನಲ್ಲಿ ಸಣ್ಣ ಸಣ್ಣ ಕುಣಿಕೆ ಉಳಿದವು, ಎಳೆಮಗುವಿನ ಹುಬ್ಬಿನ ಕೂದಲಿನಂತೆ.

"ಇದು ಹಿಂಗೇ ಉಳಿಯತ್ತೆ" ಅಂದಳು ಆಂಜಿನಮ್ಮ.

"ಉಳೀಲಿ. ಅದು ಸೊಂಟಕ್ಕೆ ಸಿಕ್ಕಿಸೋ ತುದಿ. ಒಳಗೆ ಹೋಗುತ್ತೆ."

ವೆಂಕಟರವಣಪ್ಪ ಗಂಗುಲಪ್ಪನ ಮುಖ ನೋಡಿದ. ಗಂಗುಲಪ್ಪ ಮಗ್ಗದ ಮೇಲಿನ ದೇವರ ಪಟ ನೋಡುತ್ತಾ ನಿಂತ. ನೇಕಾರ ತಾನೇ ಸ್ವಿಚ್ಚು ಒತ್ತಿದ. ಮಗ್ಗ ಓಡಿತು. ಹಿಂದೆಯೇ ಉಳಿದವೂ ಓಡಿದವು, ಮಾತು ಮುಳುಗಿತು. ಯಶೋಧರಾಳಿಗೆ ಬೇರೆ ಮಗ್ಗ ನೋಡಿಕೊಳ್ಳುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮದುವೆ ಬುದ್ಧ ಪೂರ್ಣಿಮೆಯಾದ ಮೇಲಿನ ಭಾನುವಾರ, ಚಿಕ್ಕಬಳ್ಳಾಪುರದ ಒಂದು ಸಣ್ಣ ಸಭಾಂಗಣದಲ್ಲಿ. ಲಾಲ್ ಬಾಷಾ ಹೆಂಡತಿ ಷಮೀಮಳನ್ನು ಕರೆದುಕೊಂಡು ಬಂದಿದ್ದ, ಕೈಗೆ ಅಂದು ಹಸಿರು. ಗಂಗುಲಪ್ಪನೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಮೊದಲ ಸಾಲಿನಲ್ಲೇ ಕೂತ. ಆಂಜಿನಮ್ಮ ಬಾಗಿಲಿನ ಹೊರಗೆ, ಚಪ್ಪಲಿಗಳ ಹತ್ತಿರ ನಿಂತಿದ್ದಳು. ಶುಭ ಕಾರ್ಯದಲ್ಲಿ ಅವಳು ನಿಲ್ಲುವ ಜಾಗ ಅದೇ. ಯಾರೂ ಹೇಳಬೇಕಾಗಿರಲಿಲ್ಲ, ಅಭ್ಯಾಸ.

ಮದುಮಗಳ ಕೋಣೆಯಿಂದ ಯಶೋಧರಾ ಹೊರಬಂದು ಆಂಜಿನಮ್ಮನ ರಟ್ಟೆ ಹಿಡಿದಳು.

"ಬಾ ಒಳಗೆ. ಸೀರೆ ನೀನೇ ಉಡಿಸು."

"ನಾನಾ? ಬ್ಯಾಡ ಕಣಮ್ಮ, ನಾನು ಮದುವೆ ಸೀರೆ ಮುಟ್ಟಬಾರ್ದು. ನೋಡೋರು ಏನಂತಾರೆ?"

"ಅದರ ಎಳೆ ಎಳೆನೂ ನೀನು ಮುಟ್ಟಿ ಹೊಸೆದಿದ್ದೀಯ. ಆವಾಗ ಆಗ್ದಿದ್ದು ಈಗ ಏನಾಗುತ್ತೆ? ಏನಂತಾರೋ ಅನ್ಲಿ, ಉತ್ತರ ಕೊಡೋಕೆ ನಾನಿದ್ದೀನಿ."

ಉತ್ತರ ಕೊಡಲು ಅವಳಿದ್ದಾಳೆ ಎಂಬುದರಲ್ಲಿ ಆಂಜಿನಮ್ಮನಿಗೂ ಅನುಮಾನವಿರಲಿಲ್ಲ. ಒಳಗೆ ಹೋದಳು. ಸಂಘಮಿತ್ರ ಎರಡೂ ಕೈ ಎತ್ತಿ ನಿಂತಿದ್ದಳು. ಮುದುಕಿ ಬೆರಳಿನಿಂದಲೇ ಕುಣಿಕೆ ಬಿದ್ದ ತುದಿಯನ್ನು ಹುಡುಕಿದಳು, ಸೊಂಟದ ಒಳಗೆ ಭದ್ರವಾಗಿ ಸಿಕ್ಕಿಸಿದಳು, ನೆರಿಗೆ ಹಿಡಿದಳು.

"ಬಿಗಿಯಾಯ್ತೇನಮ್ಮ?"

"ಇಲ್ಲ ಅಜ್ಜಿ, ಸರಿಯಾಗಿದೆ."

ಹೊರಗೆ ಬಂದು ನಿಂತಾಗ ಬಾಗಿಲ ಬೆಳಕು ಬಿದ್ದು, ಅಷ್ಟು ಹೊತ್ತು ಕಾಣದಿದ್ದ ಎಲೆಗಳೆಲ್ಲ ಒಮ್ಮೆ ಹೊಳೆದವು. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು, "ಬಿಳೀನಾ?" ಅಂದಳು. ಯಶೋಧರಾ ತಿರುಗಿ, "ಹೂಂ, ಬಿಳಿ" ಅಂದಳು. ಅಷ್ಟೇ.

ಊಟದ ಹೊತ್ತಿಗೆ ಗಂಗುಲಪ್ಪ ಬಾಳೆಲೆಯ ಮುಂದಿನಿಂದಲೇ ಕರೆದ. "ಅಮ್ಮ ಯಶೋಧರಾ. ಚಿಂತಾಮಣಿಯಿಂದ ಒಂದು ಪಾರ್ಟಿ ಬಂದವ್ರೆ, ಇಂಥದೇ ಬೇಕಂತೆ. ಅವ್ರ ಕಡೆ ಮದುವೆಗೆ. ಆದ್ರೆ ಅವ್ರು ಕೇಳಿದ್ದು ಒಂಚೂರು ಕ್ರೀಮು, ಅಂಚಿಗೆ ಒಂದು ಕೆಂಪು..."

"ಬೇರೆ ಎಲೆ ಬರ್ಕೊಡ್ತೀನಿ ಅಣ್ಣ" ಅಂದಳು ಯಶೋಧರಾ, ಅವನ ಬಾಳೆಲೆಗೆ ಇನ್ನೊಂದು ಒಬ್ಬಟ್ಟು ಹಾಕುತ್ತಾ. "ಈ ಎಲೆ ಬೇಕಂದ್ರೆ ಬಿಳೀಲೇ ತಗೊಳ್ಳಿ ಅಂತ ಹೇಳಿ."

ಅವನ ಪಕ್ಕದಲ್ಲಿ, ಮೊದಲ ಪಂಕ್ತಿಯಲ್ಲಿ, ಆಂಜಿನಮ್ಮ ತಲೆ ಬಗ್ಗಿಸಿ ಉಣ್ಣುತ್ತಿದ್ದಳು.